ಕೊಡುವುದಷ್ಟೇ ಅಲ್ಲ, ಕೇಳುವುದೂ ಇದೆ

ಎಲ್ಲರಿಗೂ ವಂದನೆಗಳು. ಸಿಸ್ಟರ್, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಇವತ್ತಿಗೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ.

ನೀವು ಕೇಳಿದ್ದು ಇಷ್ಟು. ಬೇರೆ ದೇಶಗಳಿಂದ ಬಂದು ನೆಲೆಸಿದ ಕುಟುಂಬಗಳು ನಮ್ಮ ಸುತ್ತಮುತ್ತ ಇವೆ. ಕೆಲವರು ನಮ್ಮ ಚರ್ಚಿನ ಆರಾಧನೆಗೂ ಬರುತ್ತಾರೆ. ನಾವು ಕೈಕುಲುಕುತ್ತೇವೆ, ನಗುತ್ತೇವೆ, ಅಲ್ಲಿಗೆ ಮುಗೀತು. ಇದು ಗೆಳೆತನ ಆಗುವುದು ಹೇಗೆ ಅಂತ. ಅದಕ್ಕೆ ಅಂಕಲ್, ವರ್ಷಕ್ಕೊಮ್ಮೆ ಸ್ವಾಗತ ದಿನ ಮಾಡಿ, ವೇದಿಕೆಗೆ ಕರೆದು ಉಡುಗೊರೆ ಕೊಡೋಣ ಅಂದಿದ್ದಾರೆ.

ಅಂಕಲ್, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರ ಎದುರು ಉಡುಗೊರೆ ತೆಗೆದುಕೊಂಡವರಿಗೆ ಆಮೇಲೆ ನಮ್ಮ ಜೊತೆ ಸಲಿಗೆಯಿಂದ ಮಾತಾಡುವುದು ಇನ್ನೂ ಕಷ್ಟ. ನಾವು ಕೊಡುವವರು, ಅವರು ಪಡೆಯುವವರು ಅಂತ ಗೆರೆ ಎಳೆದ ಹಾಗಾಗುತ್ತದೆ. ಯಾವಾಗಲೂ ಒಂದೇ ಕಡೆಯವರು ಕೊಡುತ್ತಿದ್ದರೆ ಅದು ಸೇವೆ. ಅದೂ ಬೇಕು. ಆದರೆ ಗೆಳೆಯರ ಹತ್ತಿರ ನಾವು ಏನಾದರೂ ಕೇಳುತ್ತೇವೆ, ಅಲ್ವಾ?

ಬೈಬಲ್‌ನಲ್ಲಿ ಯೋಹಾನ 4ನೇ ಅಧ್ಯಾಯ ನೋಡಿ. ಬಾವಿಯ ಹತ್ತಿರ ಯೇಸು ಸಮಾರ್ಯದ ಹೆಂಗಸಿನ ಜೊತೆ ಮಾತು ತೆಗೆದದ್ದು ಹೇಗೆ? ಕುಡಿಯಲು ನೀರು ಕೇಳಿ. ಉಪದೇಶ ಎಲ್ಲ ಆಮೇಲೆ. ಆಗ ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇರಲಿಲ್ಲ, ಹಾಗಾಗಿ ಯೆಹೂದ್ಯನಾಗಿ ನನ್ನ ಹತ್ತಿರ ನೀರು ಕೇಳುತ್ತೀಯಲ್ಲ ಅಂತ ಅವಳಿಗೇ ಆಶ್ಚರ್ಯ. ನಾವೂ ಹಾಗೇ ಕೇಳಬಹುದು. ಬೀರು ಸರಿಸಬೇಕು, ಒಂದು ಕೈ ಹಾಕುತ್ತೀರಾ? ಮಗಳಿಗೆ ಲೆಕ್ಕ ಅರ್ಥ ಆಗುತ್ತಿಲ್ಲ, ಸ್ವಲ್ಪ ಹೇಳಿಕೊಡುತ್ತೀರಾ? ನಿಮ್ಮ ದೇಶದಲ್ಲಿ ಏನು ಕೆಲಸದಲ್ಲಿದ್ದಿರಿ ಅಂತ ವಿಚಾರಿಸಿದರೆ ಗೊತ್ತಾಗುತ್ತದೆ. ಅಲ್ಲಿ ನರ್ಸ್ ಆಗಿದ್ದವರು, ಟೀಚರ್ ಆಗಿದ್ದವರು, ಇಲ್ಲಿ ಆ ಸರ್ಟಿಫಿಕೇಟ್ ನಡೆಯದೆ ಇನ್ಯಾವುದೋ ಕೆಲಸ ಮಾಡುತ್ತಿರುತ್ತಾರೆ. ಅವರ ಕೈಲಿರುವ ವಿದ್ಯೆಯನ್ನು ಯಾರೂ ಕೇಳಿರುವುದಿಲ್ಲ. ಕೇಳಿದ ದಿನ ಮುಖ ಅರಳುತ್ತದೆ.

ರೂತಳ ಕಥೆ ನಮಗೆಲ್ಲ ಬಾಯಿಪಾಠ. ಆದರೂ 2ನೇ ಅಧ್ಯಾಯ ಇನ್ನೊಮ್ಮೆ ಓದಿ. ಬಡವರಿಗೂ ಪರದೇಶಿಗಳಿಗೂ ಹಕ್ಕಲು, ಅಂದರೆ ಕೊಯ್ದ ಮೇಲೆ ಹೊಲದಲ್ಲಿ ಉಳಿದ ತೆನೆ, ಬಿಡಬೇಕು ಅಂತ ಯಾಜಕಕಾಂಡ 19ರಲ್ಲೇ ನಿಯಮ ಇತ್ತು. ಮೋವಾಬಿನಿಂದ ಬಂದ ರೂತಳು ಹೊಲದಲ್ಲಿ ಹಕ್ಕಲಾಯುವಾಗ ಹೊಲದ ಯಜಮಾನ ಬೋವಜನು ಸುಮ್ನೆ ಇದ್ದಿದ್ದರೂ ನಿಯಮ ಪಾಲಿಸಿದ ಹಾಗೇ ಆಗುತ್ತಿತ್ತು. ಅವನು ಊಟದ ಹೊತ್ತಿಗೆ ಅವಳನ್ನು ಕರೆದ. ಬಾ, ರೊಟ್ಟಿ ತಿನ್ನು, ತುತ್ತನ್ನು ಹುಳಿರಸದಲ್ಲಿ ಅದ್ದಿಕೋ ಅಂದ. ಅವಳು ಕೂತದ್ದು ಕೊಯ್ಯುವವರ ಪಕ್ಕದಲ್ಲೇ. ಅವನೇ ಹುರಿದ ಕಾಳು ಕೊಟ್ಟ. ಅವಳು ಹೊಟ್ಟೆ ತುಂಬ ತಿಂದು, ಮಿಕ್ಕದ್ದನ್ನು ಅತ್ತೆಗೆ ತೆಗೆದುಕೊಂಡು ಹೋದಳು. ಯಾರ ಪಕ್ಕದಲ್ಲಿ ಕೂತಳು ಅನ್ನುವುದನ್ನೂ ಬಿಡದೆ ಬರೆದಿದ್ದಾರೆ ನೋಡಿ. ನಮ್ಮ ಸಭೆಯ ಊಟದಲ್ಲಿ ಹೊಸಬರು ಯಾವ ಮೇಜಿನಲ್ಲಿ ಕೂರುತ್ತಾರೆ, ಅವರ ಪಕ್ಕದ ಕುರ್ಚಿಗಳಲ್ಲಿ ಯಾರಿರುತ್ತಾರೆ, ಮುಂದಿನ ಸಲ ಗಮನಿಸಿ.

ಇನ್ನು ಸಮಯದ ವಿಷಯ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಪರಿಚಯ ಇದ್ದವರು ಸಾಧಾರಣ ಗೆಳೆಯರಾಗಲು ಒಟ್ಟಿಗೆ ಸುಮಾರು 50 ಗಂಟೆ ಕಳೆಯಬೇಕಂತೆ. ಆಪ್ತರಾಗಲು 200 ಗಂಟೆಗಿಂತ ಜಾಸ್ತಿ. ಈಗ ನಮ್ಮ ಲೆಕ್ಕ ನೋಡಿ. ಆರಾಧನೆ ಮುಗಿದ ಮೇಲೆ ವಾರಕ್ಕೆ 10 ನಿಮಿಷ ಮಾತಾಡಿದರೆ ವರ್ಷಕ್ಕೆ 9 ಗಂಟೆಯೂ ಆಗುವುದಿಲ್ಲ. ಆ 50 ಗಂಟೆ ಮುಟ್ಟಲು ಹತ್ತಿರ ಹತ್ತಿರ 6 ವರ್ಷ ಬೇಕು! ಅಷ್ಟರಲ್ಲಿ ಅವರು ಬೇರೆ ಊರಿಗೇ ಹೋಗಿರುತ್ತಾರೆ. ಇದರ ಜೊತೆಗೆ ಎಷ್ಟೋ ಜನರಿಗೆ ಭಾನುವಾರವೇ ಡ್ಯೂಟಿ. ಅವರ ಶಿಫ್ಟ್ ಯಾವಾಗ ಮುಗಿಯುತ್ತದೆ ಅಂತ ಕೇಳಿಕೊಂಡು ನಾವೇ ಹೋಗಬೇಕು.

ಹೊಸಬರ ಒಂದು ಮನೆಗೆ ನಮ್ಮವರ ಎರಡು ಮೂರು ಮನೆ ಸೇರಿಕೊಂಡರೆ ಭಾರ ಒಬ್ಬರ ಮೇಲೆ ಬೀಳುವುದಿಲ್ಲ. ಭಾಷೆ ಬರುವುದಿಲ್ಲ ಅಂತ ಹಿರಿಯರು ಹಿಂಜರಿಯುತ್ತಾರೆ. ಫೋನ್‌ನಲ್ಲಿ ಅನುವಾದದ ಆಪ್ ಇದೆ. ಅದು ಒಮ್ಮೊಮ್ಮೆ ಏನೇನೋ ಹೇಳುತ್ತದೆ, ನಕ್ಕು ಮುಂದೆ ಹೋಗುವುದು. ಜೋರಾಗಿ ಕಿರುಚಿದರೆ ಮಾತ್ರ ಯಾರಿಗೂ ಅರ್ಥ ಆಗುವುದಿಲ್ಲ, ನಿಧಾನವಾಗಿ ಹೇಳಿ. ಹಾಗಂತ ಕಾಯಿಲೆ, ಸಾಲದಂಥ ವಿಷಯಕ್ಕೆ ಅವರ ಮಕ್ಕಳನ್ನು ನಡುವೆ ನಿಲ್ಲಿಸಿ ಅನುವಾದ ಮಾಡಿಸಬೇಡಿ. ಆ ಮಗು ಕೇಳಬಾರದ ಮಾತು ಅದರಲ್ಲಿ ಇರಬಹುದು.

ಹೆಸರು ಕಷ್ಟ ಅಂತ ಚಿಕ್ಕದು ಮಾಡಿ ಕರೆಯಬೇಡಿ, ಹೇಗೆ ಹೇಳುವುದು ಅಂತ ಅವರನ್ನೇ ಕೇಳಿ ಕಲಿಯಿರಿ. ವೀಸಾ ಇದೆಯಾ, ಯಾಕೆ ಬಂದಿರಿ, ಯಾವಾಗ ವಾಪಸ್ ಅನ್ನುವ ಪ್ರಶ್ನೆ ಬೇಡವೇ ಬೇಡ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಕಾಗದಪತ್ರದ ಸಲಹೆ ಮಾತ್ರ ಕೊಡಲು ಹೋಗಬೇಡಿ, ಅದು ವಕೀಲರ ಕೆಲಸ. ತಪ್ಪು ಸಲಹೆಗೆ ಬೆಲೆ ತೆರುವವರು ಆ ಕುಟುಂಬದವರು. ಫೋಟೋ ತೆಗೆದು ಗ್ರೂಪ್‌ಗೆ ಹಾಕುವುದೂ ಅಷ್ಟೇ, ಮೊದಲು ಕೇಳಿ. ಜೀವ ಉಳಿಸಿಕೊಂಡು ಬಂದವರ ಮನೆಯವರು ಇನ್ನೂ ಅಲ್ಲೇ ಇರಬಹುದು.

ಇನ್ನೊಂದು ಮಾತು, ಇದು ಕೆಲವರಿಗೆ ಹಿಡಿಸದೇ ಇರಬಹುದು. ಅವರಲ್ಲಿ ಬೇರೆ ಧರ್ಮದವರೂ ಇದ್ದಾರೆ. ಗೆಳೆತನ ಗಾಳಕ್ಕೆ ಸಿಕ್ಕಿಸಿದ ಹುಳ ಆಗಬಾರದು. ನಮ್ಮ ನಂಬಿಕೆ ಏನು ಅಂತ ಅವರು ಕೇಳಿದರೆ ಸಂತೋಷದಿಂದ ಹೇಳೋಣ, ಬಚ್ಚಿಡುವುದೇನೂ ಇಲ್ಲ. ಆದರೆ ಚರ್ಚಿಗೆ ಬರಲಿಲ್ಲ ಅಂತ ಹೋಗಿಬರುವುದನ್ನು ನಿಲ್ಲಿಸಿದರೆ, ಮೊದಲಿಂದಲೂ ನಾವು ಯಾಕೆ ಹೋಗುತ್ತಿದ್ದೆವು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ.

ಕಮಿಟಿಯವರಿಗೂ ಒಂದು ಮಾತು. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸುತ್ತಿದ್ದಾರೆ ಅಂತ ಗೊಣಗಾಟ ಬಂತು. ಆಗ ಸಭೆ ಆರಿಸಿದ ಏಳು ಜನರ ಹೆಸರೂ ಗ್ರೀಕ್ ಹೆಸರುಗಳೇ. ಹಂಚುವ ಕೆಲಸವನ್ನೇ ಅವರ ಕೈಗೆ ಕೊಟ್ಟರು. ನಾವು ಹೊಸಬರಿಗೆ ಕುರ್ಚಿ ಜೋಡಿಸುವ ಕೆಲಸ ಕೊಡುತ್ತೇವೆ, ಮೀಟಿಂಗ್‌ಗೆ ಕರೆಯುವುದಿಲ್ಲ. ಸ್ವಾಗತ ದಿನ ಬೇಕೋ ಬೇಡವೋ ಅಂತಲೂ ಅವರನ್ನೇ ಕೇಳಬಹುದಲ್ಲ ಅಂಕಲ್?

ಸಿಸ್ಟರ್, ಈ ಕೆಲಸಕ್ಕೆ ಯಾರ ಮನೆಯವರು ಸಿದ್ಧ ಇದ್ದೀರೋ ಅವರು ನನಗೋ ಪಾಸ್ಟರ್‌ಗೋ ಪರ್ಸನಲ್ ಆಗಿ ಹೇಳಿದರೆ ಸಾಕು. ಗ್ರೂಪ್‌ನಲ್ಲಿ ಹೆಸರಿನ ಪಟ್ಟಿ ಹಾಕುವುದು ಬೇಡ, ಆ ಹೊಸಬರಲ್ಲೂ ಕೆಲವರು ಈ ಗ್ರೂಪ್‌ನಲ್ಲಿದ್ದಾರೆ.