ಬ್ಯಾಂಡ್‌ಸ್ಟ್ಯಾಂಡಿನ ಅಲೆಗಳಿಗೆ ಎಷ್ಟು ಸ್ಟಾಪಿನ ಎನ್‌ಡಿ ಫಿಲ್ಟರ್ ಬೇಕು?

ಪ್ರಶ್ನೆ (ಮಾಟುಂಗಾ, ಮುಂಬಯಿ)
ಎಲ್ಲರಿಗೂ ನಮಸ್ಕಾರ. ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿನ ಕಪ್ಪು ಬಂಡೆಗಳಿಂದ ಇಳಿಯುವ ನೀರನ್ನು ರೇಷ್ಮೆಯ ಎಳೆಗಳಂತೆ ಸೆರೆಹಿಡಿಯುವ ಆಸೆ ನನ್ನದು. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100ರಲ್ಲಿ, ಅಪರ್ಚರನ್ನು, ಅಂದರೆ ಲೆನ್ಸಿನ ರಂಧ್ರವನ್ನು, ಎಫ್/22ರವರೆಗೆ ಕಿರಿದಾಗಿಸಿದರೂ ಶಟರ್ 1/15 ಸೆಕೆಂಡಿಗಿಂತ ನಿಧಾನವಾಗುವುದಿಲ್ಲ. ಮೇಲಾಗಿ ಬಂಡೆಗಳ ಅಂಚು ಮಸುಕಾಗುತ್ತದೆ. ಲೆನ್ಸಿನ ಮುಂದೆ ಕೂರಿಸಿ ಬೆಳಕನ್ನು ತಗ್ಗಿಸುವ ಕಪ್ಪು ಗಾಜಾದ ಎನ್‌ಡಿ ಫಿಲ್ಟರಿನಲ್ಲಿ 10 ಸ್ಟಾಪಿನದನ್ನೇ ಕೊಳ್ಳುವಂತೆ ಹಲವರು ಹೇಳುತ್ತಾರೆ. ಅದು ಸರಿಯಾದ ಆಯ್ಕೆಯೇ?

ಉತ್ತರ (ಪುಣೆ)
ಅಂಚು ಮಸುಕಾಗುವುದು ಡಿಫ್ರಾಕ್ಷನ್‌ನಿಂದ: ಕಿರಿದಾದ ರಂಧ್ರದಲ್ಲಿ ಹಾಯುವ ಬೆಳಕು ಹರಡಿಕೊಳ್ಳುತ್ತದೆ. ಆದ್ದರಿಂದ ರಂಧ್ರ ಇನ್ನೂ ಅಗಲವಾಗಿರುವ ಎಫ್/11ಕ್ಕೆ ಮರಳಿ. ಆಗ ಶಟರ್ 1/60 ಆಗುತ್ತದೆ. ಎನ್‌ಡಿ ಫಿಲ್ಟರು ಕಣ್ಣಿಗೆ ಕಾಣುವ ಎಲ್ಲ ಬಣ್ಣಗಳ ಬೆಳಕನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಡೆಯುತ್ತದೆ, ಪ್ರತಿ ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ, ಫಿಲ್ಟರಿನ ಕಪ್ಪನ್ನು ಅಳೆಯುವ ಸಾಂದ್ರತೆ 0.3ರಷ್ಟು ಏರುತ್ತದೆ. ಹಾಗಾಗಿ 1.8 ಎಂದೂ ಎನ್‌ಡಿ64 ಎಂದೂ ಬರೆದಿರುವುದು ಒಂದೇ, ಅದು 6 ಸ್ಟಾಪ್; 3.0 ಎಂದರೆ 10 ಸ್ಟಾಪ್, ಅಂದರೆ ಸುಮಾರು ಸಾವಿರದಲ್ಲೊಂದು ಪಾಲು ಬೆಳಕು.

ನಿಮ್ಮ 1/60 ಸೆಕೆಂಡು 10 ಸ್ಟಾಪಿನಲ್ಲಿ ಸುಮಾರು 17 ಸೆಕೆಂಡಾಗುತ್ತದೆ. ಅಷ್ಟು ಹೊತ್ತಿನಲ್ಲಿ ಹಲವು ಅಲೆಗಳು ಬಂದುಹೋಗಿ ಕಡಲು ಬರೀ ಮಂಜಾಗುತ್ತದೆ, ನೀವು ಬಯಸಿದ ಎಳೆಗಳು ಉಳಿಯುವುದಿಲ್ಲ. 6 ಸ್ಟಾಪಿನಲ್ಲಿ ಅದು ಸುಮಾರು ಒಂದು ಸೆಕೆಂಡು. ಹಿಂದೆ ಸರಿಯುವ ಅಲೆಯ ಗೆರೆಗಳು ಕಾಣುವುದು ಅದರಲ್ಲಿಯೇ. ಮೊದಲು ಎಷ್ಟು ಸೆಕೆಂಡು ಬೇಕೆಂದು ನಿರ್ಧರಿಸಿ ಆಮೇಲೆ ಫಿಲ್ಟರು ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 10 ಸ್ಟಾಪಿನದು ನಡುಹಗಲಿಗೆ, ಸಾಗುವ ಮೋಡಗಳಿಗೆ ಇರಲಿ.

ಉತ್ತರ (ವಾಸ್ಕೋ, ಗೋವಾ)
ಮೇಲಿನ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಫಿಲ್ಟರು ಹಾಕುವ ಮೊದಲೇ ಫೋಕಸ್ ಮಾಡಿ ಅದನ್ನು ಮ್ಯಾನ್ಯುವಲ್‌ಗೆ ಬದಲಿಸಿಕೊಳ್ಳಿ. ಡಿಎಸ್‌ಎಲ್‌ಆರ್ ಆದರೆ ದೀರ್ಘ ಎಕ್ಸ್‌ಪೋಶರ್‌ನಲ್ಲಿ ವ್ಯೂಫೈಂಡರನ್ನು ಮುಚ್ಚಿ, ಇಲ್ಲದಿದ್ದರೆ ಹಿಂದಿನಿಂದ ಬೆಳಕು ನುಸುಳಬಹುದು. ಗಾಜಿನ ಮೇಲೆ ಕುಳಿತ ಉಪ್ಪುನೀರಿನ ಹನಿಗಳನ್ನು ಆಗಾಗ ಒರೆಸುತ್ತಿರಬೇಕು.

ಪ್ರಶ್ನೆ ಕೇಳಿದವರು
ವಿವರವಾದ ಉತ್ತರಗಳಿಗೆ ಕೃತಜ್ಞತೆಗಳು. ಹಾಗಾದರೆ ತಿರುಗಿಸಿ ಬೇಕಾದಷ್ಟು ಕಪ್ಪಾಗಿಸುವ ವೇರಿಯಬಲ್ ಎನ್‌ಡಿ ಒಂದೇ ಸಾಕಾಗುವುದಿಲ್ಲವೇ?

ಉತ್ತರ (ಪುಣೆ)
ಅದರಲ್ಲಿರುವುದು ಒಂದರ ಮುಂದೊಂದು ಕೂರಿಸಿದ ಎರಡು ಪೋಲರೈಸರುಗಳು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಹಾಯಬಿಡುವ ಫಿಲ್ಟರುಗಳು. ವಿಡಿಯೊಗೆ ಬಹಳ ಅನುಕೂಲ, ಆದರೆ ವೈಡ್ ಆಂಗಲ್ ಲೆನ್ಸಿನಲ್ಲಿ ಹೆಚ್ಚು ತಿರುಗಿಸಿದರೆ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ಪಟ್ಟಿ ಮೂಡುತ್ತದೆ. ನಿಮಗೆ ಸ್ಥಿರವಾದ 6 ಸ್ಟಾಪಿನದೇ ಲೇಸು. ಹೊರಡುವ ಮುನ್ನ ಭರತದ ವೇಳೆಯನ್ನು ತಪ್ಪದೆ ನೋಡಿಕೊಳ್ಳಿ. ನೀರು ಏರುವಾಗ ಆ ಬಂಡೆಗಳ ಮೇಲೆ ದಯವಿಟ್ಟು ಇಳಿಯಬೇಡಿ.