ಪದಚರ್ಚೆ: ‘ಸಭಾಸ್ಥಾಪಕ’, ‘ಸೇವಕ’, ‘ಊಳಿಗ’ – ಹೊಸ ಸಭೆಯನ್ನು ಆರಂಭಿಸುವವರನ್ನು ಏನೆನ್ನಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಕ್ರೈಸ್ತ ಸಭೆಗಳನ್ನು ಆರಂಭಿಸಲು ಹೊರಟವರಿಗಾಗಿ ಸಿದ್ಧವಾಗುತ್ತಿರುವ ಒಂದು ಕನ್ನಡ ಕೈಪಿಡಿಯ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಡಿನ ಉದ್ದಕ್ಕೂ ‘ಸಭಾಸ್ಥಾಪಕ’ ಮತ್ತು ‘ಸೇವಕ ನಾಯಕತ್ವ’ ಎಂಬ ಎರಡು ಪದಗಳು ಬರುತ್ತವೆ. ಕೈಪಿಡಿ ಕಲಿಸಹೊರಟಿರುವುದು ದೀನತೆಯನ್ನು. ಈ ಪದಗಳು ಅದಕ್ಕೆ ವಿರುದ್ಧವಾದುದನ್ನೇ ಹೇಳುತ್ತಿವೆ ಎಂಬುದು ನನ್ನ ಆಕ್ಷೇಪ. ಬದಲಿಗೆ ಏನನ್ನು ಬಳಸಬಹುದು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

‘ಸೇವಕ ನಾಯಕತ್ವ’ದ ತೊಡಕು ಸಮಾಸದ್ದು. ಜನನಾಯಕ ಎಂದರೆ ಜನರಿಗೆ ನಾಯಕ, ಸೇನಾನಾಯಕ ಎಂದರೆ ಸೇನೆಗೆ ನಾಯಕ. ಈ ತತ್ಪುರುಷದ ರೂಢಿಯಲ್ಲಿರುವ ಓದುಗರು ‘ಸೇವಕ ನಾಯಕ’ ಎಂಬುದನ್ನು ಸೇವಕರಿಗೆ ನಾಯಕ, ಅಂದರೆ ಆಳುಗಳ ಮೇಲಿನ ಮೇಸ್ತ್ರಿ ಎಂದೇ ಓದಿಕೊಳ್ಳುತ್ತಾರೆ. ಸೇವಕನೇ ನಾಯಕನೆಂಬ ಕರ್ಮಧಾರಯವನ್ನು ಅವರು ಊಹಿಸಿ ಬಿಡಿಸಿಕೊಳ್ಳಬೇಕಾಗುತ್ತದೆ. ಇದನ್ನು ಕೈಬಿಡಲು ನನಗೆ ಹೆಚ್ಚು ಯೋಚನೆ ಬೇಕಾಗಲಿಲ್ಲ.

‘ಸೇವಕ’ ಎಂಬ ಪದದ್ದು ಇದಕ್ಕಿಂತ ಆಳವಾದ ತೊಡಕು. ಇಂದಿನ ಸಭೆಗಳ ಮಾತಿನಲ್ಲಿ ‘ದೇವರ ಸೇವಕರು ಈಗ ವೇದಿಕೆಗೆ ಬರಬೇಕು’ ಎಂದರೆ ಹಾರ ಹಾಕಿಸಿಕೊಳ್ಳುವವರು ಬರಬೇಕು ಎಂದರ್ಥ. ‘ಅವರು ಬಹಳ ವರ್ಷಗಳಿಂದ ಸೇವೆಯಲ್ಲಿದ್ದಾರೆ’ ಎಂಬುದು ಹಿರಿತನವನ್ನು ಹೇಳುತ್ತದೆಯೇ ಹೊರತು ದುಡಿಮೆಯನ್ನಲ್ಲ. ಪದ ಹೀಗೆ ಮೇಲೇರುವುದು ಕನ್ನಡಕ್ಕೇ ವಿಶೇಷವಲ್ಲ. ಲ್ಯಾಟಿನ್ನಿನಲ್ಲಿ ‘ಕಿರಿಯ’ ಎಂಬ ಅರ್ಥದ ಮೂಲದಿಂದ ಹುಟ್ಟಿ ಪರಿಚಾರಕನನ್ನು ಸೂಚಿಸುತ್ತಿದ್ದ ‘ಮಿನಿಸ್ಟರ್’ ಇಂದು ಮಂತ್ರಿಯಾಗಿದೆ. 590ರಿಂದ 604ರವರೆಗೆ ಪೋಪ್ ಆಗಿದ್ದ ಮೊದಲನೆಯ ಗ್ರೆಗೊರಿ ತನ್ನನ್ನು ದೇವರ ದಾಸರ ದಾಸನೆಂದು ಕರೆದುಕೊಂಡನು. ಮುಂದೆ ಅದೂ ಪೋಪರ ಬಿರುದುಗಳಲ್ಲಿ ಒಂದಾಗಿ ನಿಂತಿತು. ನಮ್ಮವರು ಹಿಂದೆ ಪತ್ರದ ಕೊನೆಗೆ ಬರೆಯುತ್ತಿದ್ದ ‘ದಾಸಾನುದಾಸ’ನಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಎರಡರ ಗತಿಯೂ ಒಂದೇ.

ಮೂಲದಲ್ಲಿ ಏನಿದೆಯೆಂದು ನೋಡೋಣ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ ಹೇಳುವ ಮಾತಿನಲ್ಲಿ, ದೊಡ್ಡವನಾಗಬೇಕೆನ್ನುವವನು ಏನಾಗಬೇಕೆಂಬುದಕ್ಕೆ ‘ಡಿಯಾಕೊನೊಸ್’ ಎಂಬ ಗ್ರೀಕ್ ಪದವೂ, ಮೊದಲನೆಯವನಾಗಬೇಕೆನ್ನುವವನು ಏನಾಗಬೇಕೆಂಬುದಕ್ಕೆ ಅದಕ್ಕಿಂತ ಕೆಳಗಿನ ‘ಡೂಲೊಸ್’ ಎಂಬ ಪದವೂ ಬಂದಿವೆ. ಮೊದಲನೆಯದು ಬಡಿಸುವ, ಓಡಾಡಿ ಕೆಲಸ ಮಾಡುವ ಪರಿಚಾರಕ. ಎರಡನೆಯದು ಕೊಂಡು ಮಾರಬಹುದಾದ ಗುಲಾಮ. ಹಳೆಯ ಕನ್ನಡ ಸತ್ಯವೇದವು (ಬೈಬಲ್) ಇಲ್ಲಿ ‘ಸೇವಕ’ ಮತ್ತು ‘ಆಳು’ ಎಂದು ಎರಡು ಪದಗಳನ್ನು ಇಟ್ಟು ಆ ಇಳಿಜಾರನ್ನು ಉಳಿಸಿಕೊಂಡಿದೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಕ್ರಿಸ್ತನು ‘ದಾಸನ ರೂಪ’ವನ್ನು ಧರಿಸಿದನೆನ್ನುವಲ್ಲಿ ಇರುವುದೂ ಅದೇ ‘ಡೂಲೊಸ್’. ಆದರೆ ಪುರಂದರದಾಸರನ್ನೂ ಕನಕದಾಸರನ್ನೂ ಕೇಳುತ್ತ ಬೆಳೆದ ಕನ್ನಡದ ಕಿವಿಗೆ ದಾಸನೆಂದರೆ ತಂಬೂರಿ ಹಿಡಿದ ಹರಿಭಕ್ತ. ಆ ಪದದಲ್ಲಿ ಸಂತೆಯಲ್ಲಿ ನಿಲ್ಲಿಸಿ ಮಾರಿದವನ ಅವಮಾನವಿಲ್ಲ. ಜೀತಪದ್ಧತಿಯನ್ನು ರದ್ದುಪಡಿಸಿದ 1976ರ ಕಾಯಿದೆಯವರೆಗೂ, ಅನೇಕ ಕಡೆ ಅದಾದ ಮೇಲೂ, ನಮ್ಮ ಹಳ್ಳಿಗಳು ಕಂಡ ‘ಜೀತದಾಳು’ ಆ ಅರ್ಥಕ್ಕೆ ಹೆಚ್ಚು ಹತ್ತಿರ. ಸತ್ಯವೇದದ ಪಾಠವನ್ನು ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ವಿವರಣೆಯಲ್ಲಾದರೂ ಆ ಪದ ಬರಬೇಕೆಂಬುದು ನನ್ನ ಅಭಿಪ್ರಾಯ.

‘ಆಳು’ ಪದದ ಬಗ್ಗೆ ಸ್ವಲ್ಪ ನಿಧಾನಿಸುತ್ತೇನೆ. ಸೇವಕ, ಸೇವಕರು, ದಾಸ, ದಾಸರು: ಒಬ್ಬನೇ ಇದ್ದರೂ ಗೌರವದ ಬಹುವಚನ ಈ ಪದಗಳಿಗೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಆಳಿಗೆ ಅದು ಅಂಟುವುದಿಲ್ಲ. ಬಹುವಚನ ‘ಆಳುಗಳು’ ಮಾತ್ರ, ‘ಆಳರು’ ಇಲ್ಲ. ‘ಪೂಜ್ಯ ಆಳುಗಳು ಆಗಮಿಸಿದ್ದಾರೆ’ ಎಂದು ಯಾವ ಆಹ್ವಾನಪತ್ರಿಕೆಯೂ ಅಚ್ಚಾಗದು. ಬಿರುದಾಗಲು ಒಪ್ಪದ ಪದವೆಂಬುದೇ ನನ್ನ ಪಾಲಿಗೆ ಅದರ ಗುಣ. ಇದೇ ರೂಪ ಕ್ರಿಯಾಪದವಾದಾಗ ‘ಆಳ್ವಿಕೆ ಮಾಡು’ ಎಂಬ ಅರ್ಥ ಬರುವುದು, ಹಳಗನ್ನಡದಲ್ಲಿ ‘ಆಳ್ದ’ ಎಂದರೆ ಒಡೆಯನಾಗಿರುವುದು ಬಳಗಕ್ಕೆ ತಿಳಿದದ್ದೇ. ಆದ್ದರಿಂದ ಬೋಧಕರಿಗೆ ‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬ ಗಾದೆ ಬಹಳ ಪ್ರಿಯ. ನಮ್ಮ ಕರಡಿನಲ್ಲೂ ಅದು ಬಂದಿದೆ. ಗಾದೆ ಚೆನ್ನಾಗಿದೆ, ಆದರೆ ಈ ಜಾಗಕ್ಕೆ ಹೊಂದುವುದಿಲ್ಲ. ಗಾದೆಯಲ್ಲಿ ಆಳುತನವು ಅರಸುತನಕ್ಕೆ ಏರುವ ಮೆಟ್ಟಿಲು. ಮಾರ್ಕನಲ್ಲಿರುವ ಯೇಸುವಿನ ಮಾತಾದರೋ ಮುಂದಿನ ವಚನದಲ್ಲಿ ಅನೇಕರ ಬಿಡುಗಡೆಗಾಗಿ ಪ್ರಾಣವನ್ನು ಈಡಾಗಿ ಕೊಡುವುದಕ್ಕೆ ಹೋಗಿ ನಿಲ್ಲುತ್ತದೆ, ಸಿಂಹಾಸನಕ್ಕಲ್ಲ.

ಇನ್ನು ‘ಸ್ಥಾಪಕ’. ಸಂಘಕ್ಕೆ, ಶಾಲೆಗೆ, ಬ್ಯಾಂಕಿಗೆ ಸ್ಥಾಪಕರಿರುತ್ತಾರೆ; ಅವರ ಭಾವಚಿತ್ರಗಳು ಗೋಡೆಯ ಮೇಲಿರುತ್ತವೆ. ಕೊರಿಂಥದ ಸಭೆಯನ್ನು ಮೊದಲು ಕೂಡಿಸಿದವನು ಅಪೊಸ್ತಲ ಪೌಲ. ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿ ಗುಡಾರ ಹೊಲಿಯುವ ಕೆಲಸ ಮಾಡುತ್ತ ಆ ಊರಿನಲ್ಲಿ ಒಂದೂವರೆ ವರ್ಷ ಇದ್ದವನು. ಸ್ಥಾಪಕನೆನ್ನಿಸಿಕೊಳ್ಳುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗಿತ್ತು. ಆ ಸಭೆಯವರು ನಾನು ಪೌಲನವನು, ನಾನು (ಅವನ ನಂತರ ಅಲ್ಲಿ ಬೋಧಿಸಿದ) ಅಪೊಲ್ಲೋಸನವನು ಎಂದು ಪಂಗಡ ಕಟ್ಟಿದಾಗ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ತಮ್ಮಿಬ್ಬರ ಕುರಿತು ಕೇಳುವ ಪ್ರಶ್ನೆ, ಹಳೆಯ ಹಸ್ತಪ್ರತಿಗಳ ಪ್ರಕಾರ, ‘ಯಾರು’ ಎಂದಲ್ಲ, ‘ಏನು’ ಎಂದು. ನಮ್ಮ ಆಡುಮಾತಿನ ‘ಅವನೇನು ಮಹಾ?’ ಎಂಬ ಧಾಟಿ ಅದಕ್ಕೆ ಸರಿಯಾಗಿ ಕೂರುತ್ತದೆ. ಅಲ್ಲಿ ಅವನು ತನಗೆ ಬಳಸಿಕೊಂಡ ಕ್ರಿಯಾಪದ ‘ನೆಟ್ಟೆನು’; ಅಪೊಲ್ಲೋಸನು ನೀರು ಹೊಯ್ದನು, ಬೆಳೆಸಿದವನು ದೇವರು ಎನ್ನುತ್ತಾನೆ. ಗ್ರೀಕಿನಲ್ಲಿ ನೆಟ್ಟದ್ದೂ ನೀರು ಹೊಯ್ದದ್ದೂ ಮುಗಿದ ಕ್ರಿಯೆಗಳು, ಬೆಳೆಸಿದ್ದು ಮಾತ್ರ ನಡೆಯುತ್ತಲೇ ಇದ್ದ ಕ್ರಿಯೆ. ಹಳೆಯ ಕನ್ನಡ ಅನುವಾದದ ‘ಬೆಳೆಸುತ್ತಾ ಬಂದವನು ದೇವರು’ ಎಂಬ ರೂಪದಲ್ಲಿ ಈ ಕಾಲಭೇದ ಸೊಗಸಾಗಿ ಉಳಿದಿದೆ.

ಹೀಗಿರುವಾಗ ‘ಸಭೆ ಸ್ಥಾಪಿಸು’ ಎನ್ನುವುದಕ್ಕಿಂತ ‘ಸಭೆ ನೆಡು’ ಎನ್ನುವುದು ಉತ್ತಮವೆಂದು ನನಗೆ ತೋರುತ್ತದೆ. ನೆಡುವುದೆಂದರೆ ಸಸಿಯನ್ನು ಮಾತ್ರವಲ್ಲ, ಗಡಿಕಲ್ಲು ನೆಡುವುದೂ ಬಾವುಟ ನೆಡುವುದೂ ಇದೆಯಲ್ಲ ಎಂದು ಒಬ್ಬ ಮಿತ್ರರು ಆಕ್ಷೇಪಿಸಿದರು. ಊರೂರಿಗೆ ಸಭೆ ನೆಡುತ್ತೇವೆ ಎಂಬ ಮಾತಿನಲ್ಲಿ ಗಡಿ ಹಾಕುವ ದನಿ ಕೇಳಿಸುವುದು ಸುಳ್ಳಲ್ಲ. ‘ನಾಟಿ’ ಎಂದರೆ ಆ ದನಿ ಹೋಗುತ್ತದೆ, ಆದರೆ ‘ಸಭಾ ನಾಟಿ’ ಎಂಬುದು ಕೇಳಲು ವಿಚಿತ್ರ. ವ್ಯಕ್ತಿಗೆ ನಾಮಪದವನ್ನೇ ಹುಡುಕದೆ ‘ಸಭೆಯನ್ನು ನೆಟ್ಟವರು’ ಎಂದು ಕ್ರಿಯೆಯ ಮೂಲಕವೇ ಹೇಳಿ ಬಿಡುವುದು ಸದ್ಯಕ್ಕೆ ನಾನು ಕಂಡುಕೊಂಡಿರುವ ದಾರಿ. ಹೆಸರಿನ ಫಲಕದ ಮೇಲೆ ಅದು ಸುಲಭವಾಗಿ ಏರುವುದಿಲ್ಲ.

‘ದೀನತೆ’ಯೋ ‘ವಿನಯ’ವೋ ‘ನಮ್ರತೆ’ಯೋ ಎಂಬುದೂ ಕರಡಿನಲ್ಲಿ ಇತ್ಯರ್ಥವಾಗಿಲ್ಲ. ವಿನಯ ಮೇಲಿರುವವರಿಗೆ ಶೋಭೆ ಕೊಡುವ ನಡವಳಿಕೆ, ಅದನ್ನು ತೋರಿಸಿಯೂ ಪೀಠದಲ್ಲೇ ಕುಳಿತಿರಬಹುದು. ದೀನನಿಗೆ ಪೀಠವೇ ಇಲ್ಲ. ಮೂಲದ ‘ತಪೆಯ್ನೊಸ್’ ಕೂಡ ಗ್ರೀಕರಲ್ಲಿ ಮೊದಲಿಗೆ ತುಚ್ಛತೆಯ ಮಾತೇ ಆಗಿದ್ದುದರಿಂದ ‘ದೀನಭಾವ’ ಸರಿಯಾದ ಆಯ್ಕೆ. ಆದರೆ ಒಂದು ಎಚ್ಚರ ಬೇಕು. ಕರ್ನಾಟಕದ ಅನೇಕ ಸಭೆಗಳಲ್ಲಿ ಕುಳಿತು ಕೇಳುವವರು ತಲೆಮಾರುಗಳಿಂದ ಊರಿನ ಹೊರಗೆ ದೀನರಾಗಿಯೇ ಇರಿಸಲ್ಪಟ್ಟವರು. ಅವರಿಗೆ ದೀನರಾಗಿರಿ ಎಂದು ಬೋಧಿಸುವುದು ಕ್ರೌರ್ಯ. ಕೈಪಿಡಿಯಲ್ಲಿ ಈ ಪದ ಬಂದಲ್ಲೆಲ್ಲ ಮಾತು ಬೋಧಕನನ್ನೇ ಉದ್ದೇಶಿಸಿದೆ ಎಂಬುದು ವಾಕ್ಯರಚನೆಯಿಂದಲೇ ತಿಳಿಯುವಂತೆ ತಿದ್ದುತ್ತಿದ್ದೇನೆ.

ಕೊನೆಗೆ ನಾನು ಕೇಳಬೇಕಾಗಿರುವುದು ಸೇವೆ, ಚಾಕರಿ ಎಂಬ ಅರ್ಥದ ‘ಊಳಿಗ’ದ ಕುರಿತು. ತಮಿಳು ಸಭೆಗಳಲ್ಲಿ ಇದರ ದಾಯಾದಿ ಪದವಾದ ‘ಊಳಿಯಂ’ ದಿನಬಳಕೆಯಲ್ಲಿದೆ. ಮಲಯಾಳಿಗಳ ‘ಶುಶ್ರೂಷೆ’ ಕನ್ನಡಕ್ಕೆ ಬಂದರೆ ಆಸ್ಪತ್ರೆಯ ನೆನಪಾಗುತ್ತದೆ. ‘ಸೇವೆ’ಗೆ ಹತ್ತಿದ ಗೌರವದ ಮೆರುಗು ‘ಊಳಿಗ’ಕ್ಕೆ ಇನ್ನೂ ಹತ್ತಿಲ್ಲವಾದ್ದರಿಂದ ‘ಸಭೆ ನೆಡುವ ಊಳಿಗ’ ಎಂದು ಬರೆಯುವ ಮನಸ್ಸಿದೆ. ಆದರೆ ಇಂದಿನ ವಿದ್ಯಾವಂತ ಓದುಗರಿಗೆ ಆ ಪದ ಪರಿಚಯವಿರುವುದು ‘ಊಳಿಗಮಾನ್ಯ ಪದ್ಧತಿ’ಯ ಮೂಲಕ ಮಾತ್ರವೇನೋ ಎಂಬ ಅಳುಕೂ ಇದೆ. ಬೀದರಿನ ಮೆಥೊಡಿಸ್ಟ್ ಸಭೆಗಳಲ್ಲಿ, ಧಾರವಾಡ ಮತ್ತು ಬೆಟಗೇರಿಯ ಬಾಸೆಲ್ ಮಿಷನ್ ಪರಂಪರೆಯ ಸಭೆಗಳಲ್ಲಿ ಹಿರಿಯರು ‘ಊಳಿಗ’ವನ್ನು ಮಾತಿನಲ್ಲಿ ಬಳಸುತ್ತಾರೆಯೇ, ಬಳಸಿದರೆ ಯಾವ ಕೆಲಸಕ್ಕೆ ಎಂಬುದನ್ನು ಆ ಕಡೆಯ ಸದಸ್ಯರು ವಾಕ್ಯಗಳ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ. ಅದೇ ಕೆಲಸಕ್ಕೆ ಬೇರೆ ದೇಸಿ ಪದವಿದ್ದರೂ ದಯವಿಟ್ಟು ಬರೆಯಿರಿ.