ಗುಲಾಮಗಿರಿಯಿಂದ ತಪ್ಪಿಸಿಕೊಂಡವರ ಪಾಠ: ಯುಪಿ (ಹಿರಿಯ ಪ್ರಾಥಮಿಕ) ಮಕ್ಕಳಿಗೆ ಹೇಗೆ ಮಾಡುವುದು?

ಪೆರ್ಲದ_ಟೀಚರ್

ಏಳನೇ ತರಗತಿ, ಕನ್ನಡ ಮಾಧ್ಯಮ, 26 ಮಕ್ಕಳು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಾಗಿದ್ದವರು ಉತ್ತರಕ್ಕೂ ಕೆನಡಾಕ್ಕೂ ತಪ್ಪಿಸಿಕೊಂಡು ಹೋದ ವಿಷಯಕ್ಕೆ 40 ನಿಮಿಷದ ನಾಲ್ಕು ಪೀರಿಯಡ್ ಇಟ್ಟುಕೊಂಡಿದ್ದೇನೆ. ಕೆಲವು ಕಡೆ ಗಂಟು ಬಿದ್ದಿದೆ.

ಅವರಿಗೆ ಗುಟ್ಟಾಗಿ ನೆರವಾದ ಜನರ ಜಾಲಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರು 'ಅಂಡರ್‌ಗ್ರೌಂಡ್ ರೈಲ್‌ರೋಡ್', ಅದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? 'ಭೂಗತ ರೈಲು' ಅಂದರೆ ಮಕ್ಕಳು ಸುರಂಗದ ಚಿತ್ರ ಬಿಡಿಸುತ್ತಾರೆ. ಎರಡನೆಯದು, ಅರ್ಧ ಮಕ್ಕಳು ಗುಲಾಮರು, ಅರ್ಧ ಮಕ್ಕಳು ಹಿಡಿಯುವವರು ಎಂದು ಮೈದಾನದಲ್ಲಿ ಆಡಿಸುವ ಒಂದು ಚಟುವಟಿಕೆ ಸಿಕ್ಕಿದೆ. ಅದನ್ನು ಮಾಡಬಹುದೇ? ಧ್ರುವ ನಕ್ಷತ್ರ ನೋಡಿ ದಾರಿ ಹುಡುಕಿದ್ದು, ಕೌದಿಯ ಚಿತ್ತಾರದಲ್ಲಿ ಗುಟ್ಟಿನ ಸಂಕೇತ ಇದ್ದದ್ದು, ಇವೆರಡೂ ನಿಜವೇ? ನಮ್ಮ ಊರ ಕಡೆಯ ಸಂಗತಿ ಯಾವುದಾದರೂ ಜೋಡಿಸಲಿಕ್ಕೆ ಆಗುತ್ತದೆಯೇ ಎಂಬುದನ್ನೂ ತಿಳಿಸಿ.

ಹಳೇಕಡತ

ಟೀಚರೇ, ಶಬ್ದದಿಂದಲೇ ಶುರು ಮಾಡೋಣ. 'ಭೂಗತ' ಬೇಡ. ಪೇಪರ್ ಓದುವ ಮಕ್ಕಳಿಗೆ ಭೂಗತ ಅಂದರೆ ಮುಂಬೈಯ ದೊರೆಗಳು. 'ಗುಟ್ಟಿನ ದಾರಿ' ಅನ್ನಿ. ಅಲ್ಲಿ ರೈಲೂ ಇರಲಿಲ್ಲ, ಸುರಂಗವೂ ಇರಲಿಲ್ಲ. ಅಡಗಲು ಜಾಗ ಕೊಡುವ ಮನೆಗೆ 'ಸ್ಟೇಷನ್', ಕರೆದೊಯ್ಯುವವರಿಗೆ 'ಕಂಡಕ್ಟರ್' ಎಂದು ಆಗಿನ ಕಾಲದ ಹೊಸ ಯಂತ್ರದ ಹೆಸರನ್ನು ಎರವಲು ತಂದದ್ದು ಎಂದು ಎರಡು ವಾಕ್ಯದಲ್ಲಿ ಮುಗಿಸಿ. 'ಓಡಿಹೋದರು' ಕೂಡ ಬೇಡ, ನಮ್ಮಲ್ಲಿ ಆ ಮಾತಿಗೆ ಬೇರೆಯೇ ಅರ್ಥ ಬಂದುಬಿಡುತ್ತದೆ, ಕ್ಲಾಸು ನಗುತ್ತದೆ. 'ತಪ್ಪಿಸಿಕೊಂಡರು', 'ಬಿಡಿಸಿಕೊಂಡರು' ಸರಿ. 'ಗುಲಾಮ' ಮಕ್ಕಳಿಗೆ ಇಸ್ಪೀಟಿನ ಎಲೆಯಿಂದ ಗೊತ್ತು. ಅದು ಒಬ್ಬ ಮನುಷ್ಯನ ಜಾತಿಯೋ ಗುಣವೋ ಅಲ್ಲ, ಅವನ ಮೇಲೆ ಇನ್ನೊಬ್ಬ ಹೊರಿಸಿದ ಸ್ಥಿತಿ ಎಂದು ಮೊದಲ ದಿನವೇ ಬಿಡಿಸಿ ಹೇಳಬೇಕು. 'ಗುಲಾಮಗಿರಿಗೆ ದೂಡಲ್ಪಟ್ಟವರು' ಎಂದು ಪ್ರತಿ ಸಲ ಹೇಳುವುದು ಬಾಯಿಗೆ ಭಾರ. ಹೆಸರು ಗೊತ್ತಿದ್ದ ಕಡೆ ಹೆಸರನ್ನೇ ಹೇಳಿ, ಹ್ಯಾರಿಯೆಟ್ ಟಬ್ಮನ್, ಫ್ರೆಡೆರಿಕ್ ಡಗ್ಲಾಸ್, ಎಲೆನ್ ಕ್ರಾಫ್ಟ್. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಹಿಡಿಯುವ ಆಟ ಮಾಡಿಸಲೇಬೇಡಿ. ಐದು ನಿಮಿಷದಲ್ಲಿ ಅದು ಕಬಡ್ಡಿಯಾಗುತ್ತದೆ, ಹಿಡಿಯುವ ಪಕ್ಷಕ್ಕೆ ಚಪ್ಪಾಳೆ ಬೀಳುತ್ತದೆ. ಸಿಕ್ಕಿಬಿದ್ದವರಿಗೆ ಆಗುತ್ತಿದ್ದದ್ದು ಚಾಟಿಯೇಟು, ಮನೆಯವರಿಂದ ದೂರಕ್ಕೆ ಮಾರಾಟ. ಅದನ್ನು 'ಔಟ್' ಎಂದು ಕಲಿಸಿದ ಹಾಗಾಗುತ್ತದೆ. ಇನ್ನೂ ದೊಡ್ಡ ಅಪಾಯ, ಯಾರನ್ನು ಗುಲಾಮರ ಪಕ್ಷಕ್ಕೆ ಹಾಕುತ್ತೀರಿ ಎಂಬುದು. ಕ್ಲಾಸಿನಲ್ಲಿ ಯಾರ ಅಜ್ಜ ಯಾರ ಗದ್ದೆಯಲ್ಲಿ ಆಳಾಗಿದ್ದರು ಎಂದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅದರ ಬದಲು ಒಂದು ಕಾಗದ ಕೊಡಿ. 1849ರ ಅಕ್ಟೋಬರ್ 3ರ ದಿನಾಂಕದ ಜಾಹೀರಾತು ಉಳಿದುಬಂದಿದೆ. ಮೇರಿಲ್ಯಾಂಡಿನ ಒಡತಿ ಎಲೈಜಾ ಬ್ರೋಡೆಸ್ ಹಾಕಿಸಿದ್ದು. ಸೆಪ್ಟೆಂಬರ್ 17ರಂದು ಮೂವರು ತಪ್ಪಿಸಿಕೊಂಡಿದ್ದಾರೆ: ಹ್ಯಾರಿ, ಸುಮಾರು 19 ವರ್ಷ, ಬೆನ್, ಸುಮಾರು 25, ಮಿಂಟಿ, ಸುಮಾರು 27 ವರ್ಷ, ಎತ್ತರ ಸುಮಾರು 5 ಅಡಿ, ನೋಡಲು ಲಕ್ಷಣ. ರಾಜ್ಯದ ಹೊರಗೆ ಹಿಡಿದರೆ ತಲೆಗೆ 100 ಡಾಲರ್, ಒಳಗೆ ಹಿಡಿದರೆ 50. ಆ ಮಿಂಟಿಯೇ ಹ್ಯಾರಿಯೆಟ್ ಟಬ್ಮನ್. ಮಿಕ್ಕ ಇಬ್ಬರು ಅವಳ ತಮ್ಮಂದಿರು. ತಮ್ಮಂದಿರು ಹೆದರಿ ವಾಪಸು ಬಂದರು, ಅವಳೂ ಜೊತೆಗೆ ಬರಬೇಕಾಯಿತು. ಆಮೇಲೆ ಒಬ್ಬಳೇ ಹೊರಟಳು.

ಮೊದಲು ಹೆಸರು ಹೇಳಬೇಡಿ. ನಾಲ್ಕು ನಾಲ್ಕು ಮಕ್ಕಳಿಗೆ ಒಂದು ಪ್ರತಿ ಕೊಟ್ಟು ಮೂರು ಪ್ರಶ್ನೆ ಕೇಳಿ: ಇದನ್ನು ಬರೆದವರು ಯಾರು, ಯಾರ ಕಣ್ಣಿಗೆ ಬೀಳಲೆಂದು? ಹೊರಗೆ ಸಿಕ್ಕರೆ ಹಣ ಯಾಕೆ ಜಾಸ್ತಿ? ಈ ಕಾಗದದಲ್ಲಿ ಯಾರ ಮಾತು ಇಲ್ಲವೇ ಇಲ್ಲ? 15 ನಿಮಿಷ ಬಿಡಿ, ಮಧ್ಯೆ ಬಾಯಿ ಹಾಕಬೇಡಿ. ಮೂರನೆಯ ಪ್ರಶ್ನೆಗೆ ಉತ್ತರ ಬರುವುದು ತಡ, ಆದರೆ ಬರುತ್ತದೆ. ಆಮೇಲೆ ಹೇಳಿ, ಈ ಐದಡಿಯ ಹೆಂಗಸು ಸುಮಾರು 13 ಸಲ ವಾಪಸು ಹೋಗಿ 70ರಷ್ಟು ಮಂದಿಯನ್ನು ಕರೆತಂದಳು ಎಂದು. 19 ಸಲ, 300 ಮಂದಿ ಎಂಬ ಲೆಕ್ಕ ತುಂಬ ಕಡೆ ಕಾಣುತ್ತದೆ. ಅದು 1868ರಲ್ಲಿ ಬಂದ ಜೀವನಚರಿತ್ರೆಯ ಉತ್ಪ್ರೇಕ್ಷೆ, ಬೋರ್ಡಿನ ಮೇಲೆ ಬರೆಯಬೇಡಿ.

ಪದವಿನ_ನಕ್ಷತ್ರ

ಧ್ರುವ ನಕ್ಷತ್ರದ ವಿಷಯ ನಿಜ. ಆದರೆ ನಮ್ಮ ಕಡೆ ಸುಮ್ಮನೆ "ಆಕಾಶ ನೋಡಿ" ಅಂದರೆ ಪಾಠ ಕೆಡುತ್ತದೆ. ಧ್ರುವ ನಕ್ಷತ್ರ ಕಾಣುವ ಎತ್ತರ ಆ ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ. ಕಾಸರಗೋಡಿಗೆ ಅದು ಹನ್ನೆರಡೂವರೆ ಡಿಗ್ರಿ. ಅಂಗಳದಲ್ಲಿ ನಿಂತರೆ ಕಂಗಿನ (ಅಡಿಕೆ) ತೋಟದ ಹಿಂದೆ ಮುಳುಗಿರುತ್ತದೆ. ಮೇರಿಲ್ಯಾಂಡಿನಲ್ಲಿ 39 ಡಿಗ್ರಿಯ ಹತ್ತಿರ, ಮರಗಳ ಮೇಲೆ ನಿಚ್ಚಳ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ನಮಗೆ ಒಂದೂಕಾಲು ಮುಷ್ಟಿ, ಅವರಿಗೆ ನಾಲ್ಕು ಮುಷ್ಟಿ. ಈ ಒಂದು ಹೋಲಿಕೆ ಗೊತ್ತಾದರೆ ಅವರಿಗೆ ಅದು ಯಾಕೆ ದಾರಿಯ ಗುರುತಾಯಿತು ಎಂದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಅಳೆಯಲು ಬೇಕಾದ್ದು ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕ, ಒಂದು ಸ್ಟ್ರಾ, ಒಂದು ಗೇಣು ನೂಲು, ತುದಿಗೆ ಕಟ್ಟಲು ಒಂದು ಸಣ್ಣ ನಟ್ಟು. ನೇರ ಅಂಚಿಗೆ ಸ್ಟ್ರಾ ಅಂಟಿಸಿ, ನಡುವಿನ ತೂತಿಗೆ ನೂಲು ಕಟ್ಟಿ ಇಳಿಬಿಡಿ. ಸ್ಟ್ರಾದೊಳಗಿಂದ ನಕ್ಷತ್ರ ನೋಡುವಾಗ ಜೊತೆಯ ಮಗು ನೂಲು ಯಾವ ಅಂಕೆಯ ಮೇಲಿದೆ ಎಂದು ಓದಬೇಕು. ಎತ್ತರ ಅಂದರೆ 90ರಿಂದ ಆ ಅಂಕೆ ಕಳೆದದ್ದು. ಇಲ್ಲೇ ಎಲ್ಲರೂ ಎಡವುವುದು: ನೂಲು 77–78 ತೋರಿಸುತ್ತದೆ, ಮಕ್ಕಳು ಅದನ್ನೇ ಎತ್ತರ ಎಂದು ಬರೆದುಕೊಂಡು ನಡುನೆತ್ತಿಯಲ್ಲಿ ಹುಡುಕುತ್ತಾರೆ. ಮೊದಲು ಹಗಲು ಹೊತ್ತಿನಲ್ಲಿ ಧ್ವಜಸ್ತಂಭದ ತುದಿ ಅಳೆಸಿ ಅಭ್ಯಾಸ ಮಾಡಿಸಿ. ಗಾಳಿ ಇದ್ದರೆ ನೂಲು ತೂಗುತ್ತದೆ, ಬೆರಳಲ್ಲಿ ಒತ್ತಿ ಹಿಡಿದು ಓದಿ.

ಕಾಲ ಮಾರ್ಚ್ ಕೊನೆ, ರಾತ್ರಿ ಎಂಟೂವರೆ. ಸಪ್ತರ್ಷಿ ಮಂಡಲ ಈಶಾನ್ಯದಲ್ಲಿ ಪೂರ್ತಿ ಎದ್ದಿರುತ್ತದೆ. ಅದರ ಕ್ರತು ಮತ್ತು ಪುಲಹ ಎಂಬ ಎರಡು ನಕ್ಷತ್ರಗಳ ನಡುವಿನ ಅಂತರವನ್ನು ಪುಲಹದಿಂದ ಕ್ರತುವಿನ ಕಡೆಗೆ ಐದು ಪಟ್ಟು ಮುಂದುವರಿಸಿದರೆ ಧ್ರುವ. ಡಿಸೆಂಬರಿನ ಸಂಜೆ ನಮ್ಮಲ್ಲಿ ಸಪ್ತರ್ಷಿ ಕಾಣುವುದೇ ಇಲ್ಲ. ಜಾಗ ಮುರಕಲ್ಲ ಪದವು (ಕೆಂಪುಕಲ್ಲಿನ ಎತ್ತರದ ಬಯಲು) ಆದರೆ ಒಳ್ಳೆಯದು, ಉತ್ತರಕ್ಕೆ ಗುಡ್ಡ ಅಡ್ಡ ಇರಬಾರದು. ಸಮುದ್ರದ ತೀರವೂ ಆದೀತು. ಮೋಡದ ರಾತ್ರಿ ಮರದ ಉತ್ತರದ ಮೈಯ ಪಾಚಿ ನೋಡಿ ನಡೆದರು ಎಂದು ಬರೆದದ್ದನ್ನು ಮಕ್ಕಳೇ ಪರೀಕ್ಷಿಸಲಿ. ನಮ್ಮ ಮಳೆಗಾಲದಲ್ಲಿ ಕಂಗಿನ ಸುತ್ತಲೂ ಪಾಚಿಯೇ.

ದೂರಕ್ಕೆ ಅಮೆರಿಕದ ನಕ್ಷೆ ಸಾಲದು. ಟಬ್ಮನ್ ಹೊರಟ ಜಾಗದಿಂದ ಗುಲಾಮಗಿರಿ ಇಲ್ಲದ ಫಿಲಡೆಲ್ಫಿಯಾಕ್ಕೆ ಸುಮಾರು 145 ಕಿ.ಮೀ., ಕಾಸರಗೋಡಿನಿಂದ ಕುಂದಾಪುರಕ್ಕೆ ಇರುವಷ್ಟು. ಇದೊಂದನ್ನು ಪೂರಾ ಒಂದು ಪೀರಿಯಡ್ ಮಾಡಿ. ನಕ್ಷೆ ಬಿಚ್ಚಿ ದಾರಿಯ ಹೊಳೆಗಳನ್ನು ಎಣಿಸಲಿ: ಮೊಗ್ರಾಲು, ಶಿರಿಯ, ಉಪ್ಪಳ, ಮಂಜೇಶ್ವರ, ನೇತ್ರಾವತಿ, ಗುರುಪುರ, ಶಾಂಭವಿ, ಹೀಗೆ ಉಡುಪಿ ದಾಟಿ ಮುಂದಕ್ಕೆ. ಸೇತುವೆ ಹತ್ತುವ ಹಾಗಿಲ್ಲ, ಅಲ್ಲಿ ಕಾವಲು. ಕತ್ತಲಲ್ಲಿ ಗಂಟೆಗೆ 3 ಕಿ.ಮೀ., ರಾತ್ರಿಗೆ 8 ಗಂಟೆ ನಡೆದರೆ ಎಷ್ಟು ರಾತ್ರಿ? ಆರು ಎಂದು ಲೆಕ್ಕ ಬರುತ್ತದೆ. ಪ್ರತಿ ದೊಡ್ಡ ಹೊಳೆಗೆ ಸುತ್ತು ಹಾಕಲು ಅರ್ಧ ರಾತ್ರಿ ಸೇರಿಸಿ ಅನ್ನಿ, ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಲಿ. ಊಟ, ಬಟ್ಟೆ, ಹಗಲು ಮಲಗುವ ಜಾಗದ ಪ್ರಶ್ನೆ ಅವರೇ ಎತ್ತುತ್ತಾರೆ.

ಜನರನ್ನು ಕರೆತರಲು ಟಬ್ಮನ್ ಚಳಿಗಾಲವನ್ನೇ ಆರಿಸಿಕೊಳ್ಳುತ್ತಿದ್ದದ್ದಕ್ಕೂ ಲೆಕ್ಕ ಇದೆ. ಮೇರಿಲ್ಯಾಂಡಿನಲ್ಲಿ ಡಿಸೆಂಬರ್ ಕೊನೆಯ ರಾತ್ರಿ ಸುಮಾರು ಹದಿನಾಲ್ಕೂವರೆ ಗಂಟೆ, ಜೂನಿನಲ್ಲಿ 9. ನಮಗೆ ಡಿಸೆಂಬರಿನಲ್ಲೂ ಹನ್ನೆರಡೂವರೆಯೇ. ಹೊರಡಿಸುತ್ತಿದ್ದದ್ದು ಶನಿವಾರ ರಾತ್ರಿ, ಯಾಕೆಂದರೆ ಹುಡುಕಾಟದ ಜಾಹೀರಾತು ಅಚ್ಚಾಗುವುದು ಸೋಮವಾರವೇ. ಇದು ಧೈರ್ಯದ ಮಾತಷ್ಟೇ ಅಲ್ಲ, ಯೋಜನೆಯ ಮಾತು. ಮಕ್ಕಳಿಗೆ ತಲುಪಬೇಕಾದದ್ದು ಇದೇ ಎಂದು ನನ್ನ ಅಭಿಪ್ರಾಯ.

ಕೌದಿ_ಹೊಲಿಗೆ

ಕೌದಿಯ ಸಂಕೇತ ಬಿಟ್ಟುಬಿಡಿ. ಆ ಕತೆ ಜನಪ್ರಿಯವಾದದ್ದು 1999ರ ನಂತರ. 1930ರ ದಶಕದಲ್ಲಿ ಹಿಂದೆ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ಮಂದಿಯ ಮಾತನ್ನು ಬರೆದುಕೊಂಡಿದ್ದಾರೆ, ಅದರಲ್ಲಿ ಇದರ ಸುಳಿವಿಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದು ಸುಲಭವಾದ ಕಾರಣ ಶಾಲೆಗಳಲ್ಲಿ ಉಳಿದುಕೊಂಡಿದೆ, ಅಷ್ಟೇ. ದಿನಗಟ್ಟಲೆ ದಾರಿ ಹುಡುಕುವವರಿಗೆ ಅಂಗಳದ ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಎಷ್ಟು ದೂರಕ್ಕೆ, ಯಾವ ಬೆಳಕಿನಲ್ಲಿ ಕಂಡೀತು ಎಂದು ಮಕ್ಕಳನ್ನೇ ಕೇಳಿ. ಪುರಾವೆ ಅಂದರೇನು ಎಂದು ಹೇಳಲು ಅದು ಒಳ್ಳೆಯ ಉದಾಹರಣೆ.

ನಿಜವಾದ ದಾಖಲೆ ಬೇಕಾದರೆ ವಿಲಿಯಂ ಸ್ಟಿಲ್ ಅವರದ್ದು ಇದೆ. ಫಿಲಡೆಲ್ಫಿಯಾದಲ್ಲಿ ಬಂದವರ ಹೆಸರು, ಹೊರಟ ಊರು, ಬಿಟ್ಟು ಬಂದವರ ವಿವರ ಎಲ್ಲ ಬರೆದಿಟ್ಟರು, 1872ರಲ್ಲಿ ಅಚ್ಚು ಹಾಕಿಸಿದರು. ಒಮ್ಮೆ ಹೀಗೆ ವಿಚಾರಿಸುವಾಗ ಎದುರು ಕೂತವರು ತಮ್ಮ ಸ್ವಂತ ಅಣ್ಣನೇ ಎಂದು ತಿಳಿಯಿತು. ಅವರು ಸ್ವತಃ ಕಪ್ಪು ಜನಾಂಗದವರು. 'ದಯಾಳುಗಳಾದ ಬಿಳಿಯರು ಬಿಡಿಸಿದರು' ಎಂಬ ಚಿತ್ರ ಬಾರದ ಹಾಗೆ ನೋಡಿಕೊಳ್ಳಲು ಇವರ ಹೆಸರು ಬೇಕು.

ಪೆರ್ಲದ_ಟೀಚರ್

ತುಂಬ ಉಪಕಾರವಾಯಿತು. ಆಟ ಕೈಬಿಟ್ಟೆ. ಪೆಟ್ಟಿಗೆಯಲ್ಲಿ ಕೂತು ಪಾರ್ಸೆಲ್ ಆಗಿ ಹೋದ ಹೆನ್ರಿ ಬ್ರೌನ್ ಅವರ ಕತೆಗೆ ಅಟ್ಟೆಪೆಟ್ಟಿಗೆ ತಂದು ಒಬ್ಬೊಬ್ಬರನ್ನೇ ಕೂರಿಸಿದರೆ ಅದೂ ತಪ್ಪಾದೀತೇ? ಮತ್ತೆ ನಮ್ಮ ಊರಿನ ಸಂಗತಿ?

ಹಳೇಕಡತ

ಕೂರಿಸಬೇಡಿ, ಉಸಿರು ಕಟ್ಟುವ ಭಯ ಇರುವ ಮಕ್ಕಳು ಇರುತ್ತಾರೆ, ಉಳಿದವರಿಗೆ ಅದು ತಮಾಷೆಯಾಗುತ್ತದೆ. ನೆಲದ ಮೇಲೆ ಚಾಕಿನಿಂದ 3 ಅಡಿಗೆ 2 ಅಡಿ ಚೌಕಟ್ಟು ಎಳೆಯಿರಿ, ಗೋಡೆಯ ಮೇಲೆ 2 ಅಡಿ 8 ಇಂಚಿಗೆ ಗೆರೆ ಹಾಕಿ. ಅಷ್ಟೇ ಸಾಕು, ಮಕ್ಕಳು ತಮ್ಮ ಎತ್ತರ ಅಳೆದು ನೋಡಿಕೊಳ್ಳುತ್ತಾರೆ. ಒಳಗೆ ನೀರು, ಕೆಲವು ಬಿಸ್ಕತ್ತು, ಗಾಳಿಗೆ ತೂತು. 1849ರ ಮಾರ್ಚ್, ರಿಚ್ಮಂಡಿನಿಂದ ಫಿಲಡೆಲ್ಫಿಯಾಕ್ಕೆ 27 ಗಂಟೆ, ಅದರಲ್ಲಿ ಸ್ವಲ್ಪ ಹೊತ್ತು ತಲೆಕೆಳಗಾಗಿ. ಇದಕ್ಕಿಂತ ಮೊದಲು ಹೇಳಬೇಕಾದದ್ದು ಕಾರಣ: ಹಿಂದಿನ ವರ್ಷ ಅವರ ಹೆಂಡತಿ ಮಕ್ಕಳನ್ನು ದೂರಕ್ಕೆ ಮಾರಿದ್ದರು. ಕಾರಣ ಬಿಟ್ಟರೆ ಸರ್ಕಸ್ಸಿನ ಕತೆಯಾಗುತ್ತದೆ. ಪೆಟ್ಟಿಗೆ ಕಳಿಸಿದ ಸ್ಯಾಮ್ಯುಯೆಲ್ ಸ್ಮಿತ್ ಮತ್ತೆ ಹಾಗೆಯೇ ಕಳಿಸಲು ಹೋಗಿ ಸಿಕ್ಕಿಬಿದ್ದು ಜೈಲಿಗೆ ಹೋದರು. ಡಗ್ಲಾಸ್ 1838ರಲ್ಲಿ ನಾವಿಕನ ವೇಷದಲ್ಲಿ ರೈಲು ಹತ್ತಿ ಪಾರಾದ ಬಗೆಯನ್ನು 1881ರವರೆಗೆ ಪೂರ್ತಿಯಾಗಿ ಬಿಡಿಸಿ ಹೇಳಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟರೆ ಗುಟ್ಟು ಯಾಕೆ ಬೇಕಿತ್ತು ಎಂದು ಬೇರೆ ವಿವರಿಸಬೇಕಾಗಿಲ್ಲ.

ತಪ್ಪಿಸಿಕೊಂಡವರನ್ನು ಹಿಡಿದೊಪ್ಪಿಸುವ 1850ರ ಕಾನೂನನ್ನು ಗಣಿತದಲ್ಲಿ ಹೇಳಬಹುದು. ಹಿಡಿದು ತಂದವರನ್ನು ಒಡೆಯನಿಗೆ ಒಪ್ಪಿಸಿದರೆ ತೀರ್ಪು ಕೊಡುವ ಕಮಿಷನರಿಗೆ 10 ಡಾಲರ್, ಬಿಟ್ಟರೆ 5. ಸಹಾಯ ಮಾಡಿದವರಿಗೆ 1,000 ಡಾಲರ್ ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಹಿಡಿಯಲ್ಪಟ್ಟವರು ತಮ್ಮ ಪರ ಸಾಕ್ಷಿ ಹೇಳುವಂತಿಲ್ಲ. ಹಾಗಾಗಿ ಫಿಲಡೆಲ್ಫಿಯಾ ಸಾಲದೆ ಕೆನಡಾ ಬೇಕಾಯಿತು. ಬ್ರಿಟಿಷರ ಅಲ್ಲಿನ ನೆಲದಲ್ಲಿ 1834ರಿಂದ ಗುಲಾಮಗಿರಿ ಇರಲಿಲ್ಲ. 1829ರಲ್ಲಿ ಅದನ್ನು ನಿಲ್ಲಿಸಿದ ಮೆಕ್ಸಿಕೋದ ಕಡೆ, ದಕ್ಷಿಣಕ್ಕೂ ಹೋದವರಿದ್ದಾರೆ. ನಕ್ಷೆಯಲ್ಲಿ ಎಲ್ಲ ಬಾಣ ಉತ್ತರಕ್ಕೇ ಹಾಕಬೇಡಿ. ಎಲ್ಲರೂ ಪಾರಾದರು ಎಂಬ ಭಾವನೆಯೂ ಬರಬಾರದು: 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ 39 ಲಕ್ಷಕ್ಕೂ ಹೆಚ್ಚು.

ನಮ್ಮ ಕಡೆಯದ್ದಕ್ಕೆ ಕೊನೆಯ ಪೀರಿಯಡ್ ಇಡಿ. ಹಳೆಯ ದಕ್ಷಿಣ ಕನ್ನಡದಲ್ಲಿ ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ ಮೂಲದಾಳುಗಳಿದ್ದರು. ಕಣ್ಣೂರಿನ ಅಂಜರಕಂಡಿ ತೋಟದಲ್ಲಿ ತಿರುವಾಂಕೂರಿನಿಂದ ಕದ್ದು ತಂದವರು ಇರುವುದನ್ನು 1811ರ ಸುಮಾರಿಗೆ ಮ್ಯಾಜಿಸ್ಟ್ರೇಟ್ ಬೇಬರ್ ಪತ್ತೆ ಮಾಡಿ ಬಿಡಿಸಿದರು. 1843ರ ಕಾಯ್ದೆ ಕೋರ್ಟಿನಲ್ಲಿ ಗುಲಾಮರ ಮೇಲಿನ ಹಕ್ಕನ್ನು ಒಪ್ಪುವುದನ್ನು ನಿಲ್ಲಿಸಿತು, 1862ರಿಂದ ದಂಡಸಂಹಿತೆಯಲ್ಲಿ ಮಾರುವುದು ಕೊಳ್ಳುವುದು ಅಪರಾಧವಾಯಿತು. ಆದರೂ ಜೀತ ನಿಲ್ಲಿಸಲು 1976ರಲ್ಲಿ ಬೇರೆ ಕಾಯ್ದೆ ಬೇಕಾಯಿತು. ತಪ್ಪಿಸಿಕೊಂಡವರ ಉದಾಹರಣೆಯೇ ಬೇಕೆಂದರೆ ಉತ್ತರ ಕನ್ನಡದ ಸಿದ್ದಿಗಳು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರ ಸಂತತಿ ಅವರಲ್ಲಿದೆ. ಮೂಲದಾಳು ಎನ್ನುವಾಗ ಜಾತಿಯ ಹೆಸರು ಎತ್ತಬೇಡಿ, "ಯಾರ ಮನೆಯಲ್ಲಿ ಇದ್ದರು" ಎಂದು ಕೇಳಿ ಬರುವ ಮನೆಕೆಲಸ ಕೊಡಲೇಬೇಡಿ. ಕಾಯ್ದೆಯ ವರ್ಷಗಳನ್ನು ಕಾಲರೇಖೆಯಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ರದ್ದಾದ 1865ರ ಪಕ್ಕ ಗುರುತಿಸಲಿ.

ಜಾಹೀರಾತನ್ನು ಕನ್ನಡಕ್ಕೆ ಮಾಡಿಕೊಳ್ಳುವಾಗ ಆ 100 ಡಾಲರಿಗೆ 'ಬಹುಮಾನ' ಎಂದು ಬರೆಯಬೇಡಿ. ಮಕ್ಕಳಿಗೆ ಬಹುಮಾನ ಎಂದರೆ ಶಾಲೋತ್ಸವದ ಸ್ಟೇಜು. 'ಹಿಡಿದುಕೊಟ್ಟವರಿಗೆ ಹಣ' ಎಂದರೆ ಸಾಕು.